ಹತ್ತು ಹೂವಿನ ಲೆಕ್ಕ

ಮೇ ತಿಂಗಳೆಂದರೆ ಬೇಸಿಗೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಗೋಡೆಗೆ ನೇತುಹಾಕಿದ ಪಂಚಾಂಗವನ್ನು ಕೇಳಿ ನೋಡಿ, ಅದು ಬೇರೆಯದನ್ನೇ ಹೇಳುತ್ತದೆ. ಚೈತ್ರ, ವೈಶಾಖ ಎರಡೂ ವಸಂತ ಋತುವಿನ ಮಾಸಗಳು. ಜ್ಯೇಷ್ಠ ಬಂದ ಮೇಲೆ ಗ್ರೀಷ್ಮ. ಹಾಗಾಗಿ ನಾವು ಬೀಸಣಿಗೆ ಬೀಸಿಕೊಂಡು 'ಉಸ್ಸಪ್ಪಾ' ಎನ್ನುವ ಈ ವೈಶಾಖ ಇನ್ನೂ ವಸಂತವೇ, ಅದರ ಕೊನೆಯ ತಿಂಗಳು. ಗಿಡಮರಗಳೂ ಪಂಚಾಂಗದ ಪಕ್ಷವೇ. ಅಶ್ವಿನಿ ಮಳೆಯ ನಾಲ್ಕು ಹನಿ ಬಿದ್ದರೆ ಸಾಕು, ಒಣಗಿ ಬೂದಿಯಂತಾದ ಮಣ್ಣಿನಿಂದಲೂ ಹೂವು ತಲೆ ಎತ್ತುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಈ ಮಾತು ನನಗೆ ನೆನಪಾಗಲು ಕಾರಣ ನನ್ನ ಮೊಮ್ಮಗಳ ರಜೆಯ ಮನೆಪಾಠ. ನಾವಿರುವುದು ಸಾಗರ ಸೀಮೆಯ ಒಂದು ಹಳ್ಳಿಯಲ್ಲಿ. ಅಡಿಕೆ ತೋಟ, ಅದರ ಮೇಲೆ ಸೊಪ್ಪಿನ ಬೆಟ್ಟ, ಬೆಟ್ಟದಾಚೆ ಕಾನು. ರಜೆ ಬಂತೆಂದರೆ ಬೆಂಗಳೂರಿನಿಂದ ಮೊಮ್ಮಕ್ಕಳಿಬ್ಬರು ಬರುತ್ತಾರೆ. ಪುಟ್ಟಿಗೆ ಹನ್ನೊಂದು ವರ್ಷ, ಅವಳ ತಮ್ಮ ಅಪ್ಪಿಗೆ ಎಂಟು. ಪುಟ್ಟಿಯ ಶಾಲೆಯಲ್ಲಿ ಕೊಟ್ಟ ಕೆಲಸ ಇಷ್ಟು: 'ನಿಮ್ಮ ಊರಿನ ಹತ್ತು ಹೂಗಳನ್ನು ನೋಡಿ, ಚಿತ್ರ ಬರೆದು, ಹೆಸರು ಬರೆಯಿರಿ.'

"ಇದೇನು ಮಹಾ! ಹತ್ತೇ ನಿಮಿಷ ಸಾಕು ಅಜ್ಜಿ" ಎಂದಳು. ಹಾಗೆಯೇ ಆಯಿತು. ಅಂಗಳ ಸುತ್ತಿ, ಬೇಲಿಯವರೆಗೆ ಹೋಗಿ ಬಂದವಳು ಪಟ್ಟಿ ಓದಿದಳು: ಗುಲ್‌ಮೊಹರ್, ಕಾಗದದ ಹೂ, ದೇವಗಣಗಿಲೆ, ನಿತ್ಯಪುಷ್ಪ, ಸಂಜೆಮಲ್ಲಿಗೆ, ಚೆಂಡುಹೂ, ಸೇವಂತಿಗೆ, ಮುಟ್ಟಿದರೆ ಮುನಿ, ಬೇಲಿಯ ಲಂಟಾನ, ಕನಕಾಂಬರ. ಸರಿಯಾಗಿ ಹತ್ತು.

"ಇವೆಲ್ಲ ನಮ್ಮ ಊರಿನವೇನೇ?" ಎಂದು ಕೇಳಿದೆ.

"ನಮ್ಮ ಅಂಗಳದಲ್ಲೇ ಇವೆಯಲ್ಲ!"

"ನೀನು ಈಗ ನಮ್ಮ ಅಂಗಳದಲ್ಲೇ ಇದ್ದೀಯ. ನಿನ್ನ ಊರು ಯಾವುದು?"

ಅವಳಿಗೆ ಸಿಟ್ಟು ಬಂದರೂ ವಿಷಯ ತಿಳಿಯಿತು. ಅಮ್ಮನ ಮೊಬೈಲ್ ಹಿಡಿದು ಒಂದೊಂದಾಗಿ ಹುಡುಕತೊಡಗಿದಳು. ಅಪ್ಪಿ ಪಕ್ಕದಲ್ಲಿ ಕುಳಿತು ಅಟ್ಲಾಸಿನಲ್ಲಿ ದೇಶ ತೋರಿಸುವ ಕೆಲಸ ವಹಿಸಿಕೊಂಡ. ಗುಲ್‌ಮೊಹರ್ ಆಫ್ರಿಕದ ಪಕ್ಕದ ಮಡಗಾಸ್ಕರ್ ದ್ವೀಪದ್ದು. ನಿತ್ಯಪುಷ್ಪವೂ ಅಲ್ಲಿಯದೇ. ಕಾಗದದ ಹೂ ದಕ್ಷಿಣ ಅಮೆರಿಕದ್ದು. ನಮ್ಮ ಹಬ್ಬಗಳೆಲ್ಲ ಯಾವುದಿಲ್ಲದೆ ನಡೆಯುವುದಿಲ್ಲವೋ ಆ ಚೆಂಡುಹೂ ಮೆಕ್ಸಿಕೋ ಕಡೆಯದು. ಸಂಜೆಮಲ್ಲಿಗೆ, ದೇವಗಣಗಿಲೆ, ಮುಟ್ಟಿದರೆ ಮುನಿ, ಲಂಟಾನ ಎಲ್ಲವೂ ಅಮೆರಿಕ ಖಂಡದ ಬೆಚ್ಚಗಿನ ನಾಡುಗಳಿಂದ ಹಡಗು ಹತ್ತಿ ಬಂದವು. ಸೇವಂತಿಗೆಯ ತವರು ಚೀನಾ. ಕೊನೆಗೆ ಉಳಿದದ್ದು ಕನಕಾಂಬರ ಒಂದೇ. ಅದು ಮಾತ್ರ ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಸ್ವಂತ ಗಿಡ.

"ಹಾಗಾದರೆ ಮಳೆಗಾಲದಲ್ಲಿ ನೀನು ಬೆಳೆಸುವ ಡೇರೆ ಹೂ?" ಎಂದು ಪುಟ್ಟಿ ನನ್ನ ಮೇಲೇ ತಿರುಗಿಬಿದ್ದಳು. ಮಲೆನಾಡಿನ ಹೆಂಗಸರಿಗೆ ಡೇರೆ ಎಂದರೆ ಪ್ರಾಣ. ಗಡ್ಡೆಯನ್ನು ಒಬ್ಬರಿಂದೊಬ್ಬರು ಬೇಡಿ ತಂದು, ಬೂದಿಯಲ್ಲಿ ಕಾಪಿಟ್ಟು, ಯಾರ ಮನೆಯ ಹೂ ದೊಡ್ಡದೆಂದು ಒಳಗೊಳಗೇ ಅಳೆಯುತ್ತೇವೆ. ಹುಡುಕಿದರೆ ಅದು ಮೆಕ್ಸಿಕೋ ದೇಶದ ರಾಷ್ಟ್ರೀಯ ಹೂ! ಅಪ್ಪಿ ಬಿದ್ದು ಬಿದ್ದು ನಕ್ಕ.

ಬೇರೆ ನಾಡಿನದೆಂದ ಮಾತ್ರಕ್ಕೆ ಅದು ಬೇಡವೆಂದಲ್ಲ. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ ಅವರು 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ' ಎಂಬ ಪುಸ್ತಕವನ್ನೇ ಬರೆದಿದ್ದಾರೆ. ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ ಎಲ್ಲ ಆ ಖಂಡದಿಂದ ಬಂದು ನಮ್ಮ ಅಡುಗೆಮನೆ ಸೇರಿದವು. ಅವನ್ನು ತೆಗೆದರೆ ಸಾರಿಗೂ ಗತಿಯಿಲ್ಲ. ಚೆಂಡುಹೂ, ಡೇರೆ ಕೂಡ ಹಾಗೆಯೇ, ಮನೆಗೆ ಬಂದು ಮನೆಯವರೇ ಆದ ನೆಂಟರು. ಆದರೆ ನೆಂಟರ ಹೆಸರಷ್ಟೇ ಬಾಯಿಗೆ ಬಂದು ಮನೆಯವರ ಹೆಸರು ಮರೆತುಹೋದರೆ? ಆ ಯೋಚನೆ ನನ್ನನ್ನು ಕುಟುಕಿತು.

ಪುಟ್ಟಿ ಪಟ್ಟಿಯನ್ನು ಹರಿದುಹಾಕಿದಳು. ಹೊಸ ನಿಯಮವನ್ನು ಅಕ್ಕ ತಮ್ಮ ಇಬ್ಬರೂ ಸೇರಿಯೇ ಮಾಡಿದರು. ಒಂದು, ಹೂವಿನ ತವರು ನಮ್ಮ ನಾಡೇ ಆಗಿರಬೇಕು. ಎರಡು, ಅದನ್ನು ಯಾರೂ ನೆಟ್ಟಿರಬಾರದು, ತಾನಾಗಿ ಬೆಳೆದಿರಬೇಕು. ನಾನು ಮೂರನೆಯದನ್ನು ಸೇರಿಸಿದೆ: ಗಿಡದಿಂದ ಕೀಳುವಂತಿಲ್ಲ. ನೋಡಿ ಬರೆಯಬೇಕು, ಬಿದ್ದ ಹೂವಿದ್ದರೆ ಮಾತ್ರ ಎತ್ತಿಕೊಳ್ಳಬಹುದು. ಎರಡನೆಯ ನಿಯಮದಿಂದ ಪಾಪ ಕನಕಾಂಬರವೂ ಹೊರಗೆ ಹೋಯಿತು. ಲೆಕ್ಕ ಸೊನ್ನೆಯಿಂದ ಶುರು.

ಮರುದಿನ ಬೆಳಿಗ್ಗೆ ಆರೂವರೆಗೆ ಹೊರಟೆವು. ಹೊರಡುವ ಮೊದಲು ಇಬ್ಬರಿಗೂ ಉದ್ದ ತೋಳಿನ ಅಂಗಿ, ಕಾಲುಚೀಲ ಹಾಕಿಸಿ, ಆಶಾ ಕಾರ್ಯಕರ್ತೆ ಕೊಟ್ಟ ಎಣ್ಣೆಯನ್ನು ಕೈಕಾಲಿಗೆ ಸವರಿದೆ. ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಈ ಸೀಮೆಯಲ್ಲಿ ಇಂದಿಗೂ ಇದೆ. ಅದನ್ನು ಹರಡುವುದು ಉಣುಗು. ಆದ್ದರಿಂದ ದಟ್ಟ ಕಾಡಿಗೆ ನುಗ್ಗುವುದಿಲ್ಲ, ರಸ್ತೆ ಮತ್ತು ಕಾಲುದಾರಿ ಬಿಡುವುದಿಲ್ಲ, ಮನೆಗೆ ಬಂದೊಡನೆ ಬಟ್ಟೆ ಬದಲಿಸಿ ಬಿಸಿನೀರಿನ ಸ್ನಾನ. ಹೂ ನೋಡುವ ಉತ್ಸಾಹಕ್ಕೆ ಇಷ್ಟು ಕಟ್ಟುಪಾಡು ಬೇಕೇ ಬೇಕು.

ಮೊದಲ ಅರ್ಧ ಗಂಟೆ ಬರೀ ನಿರಾಸೆ. ದಾರಿಯ ಎರಡೂ ಕಡೆ ಲಂಟಾನ. 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತದ ಸಸ್ಯೋದ್ಯಾನಕ್ಕೆ ಅಂದದ ಗಿಡವೆಂದು ತಂದದ್ದು ಇದು. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಎಲ್ಲೆಲ್ಲೋ ಹಾಕಿದವು. ಈಗ ದೇಶದ ಕಾಡುಗಳಲ್ಲೆಲ್ಲ ಅದರದೇ ದರ್ಬಾರು. ಅದರ ಪೊದೆಯ ಕೆಳಗೆ ಬೇರೆ ಸಸಿ ಏಳುವುದು ಕಷ್ಟ. ಚೆಂಡುಹೂವಿನಂಥ ನೆಂಟ ಕೊಟ್ಟ ಜಾಗದಲ್ಲಿ ಕುಳಿತುಕೊಳ್ಳುತ್ತಾನೆ, ಲಂಟಾನದಂಥ ನೆಂಟ ಮನೆಯವರನ್ನೇ ಹೊರಗೆ ಹಾಕುತ್ತಾನೆ. ವ್ಯತ್ಯಾಸ ಅಷ್ಟೇ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಇದರ ಕೋಲಿನಿಂದ ಕುರ್ಚಿ, ಮೇಜು ಮಾಡುತ್ತಾರೆಂದು ಹೇಳಿದಾಗ ಅಪ್ಪಿ, "ಹಾಗಾದರೆ ಎಲ್ಲರೂ ಒಂದೊಂದು ಕುರ್ಚಿ ತೆಗೆದುಕೊಂಡರೆ ಲಂಟಾನ ಖಾಲಿ!" ಎಂದ. ಅಷ್ಟು ಸುಲಭವಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಲಂಟಾನ ದಾಟಿದ ಮೇಲೆ ಅಕೇಶಿಯಾ ತೋಪು. ನಾನು ಮದುವೆಯಾಗಿ ಬಂದಾಗ ಇದು ಬ್ಯಾಣವಾಗಿತ್ತು. ಹುಲ್ಲು ಬೆಳೆದು ದನ ಮೇಯುವ ಬಯಲು. ಅಲ್ಲಲ್ಲಿ ನೆಲ್ಲಿ, ಕೌಳಿ, ಮತ್ತಿ. ಈಗ ಆಸ್ಟ್ರೇಲಿಯಾ ಕಡೆಯಿಂದ ಬಂದ ಮರಗಳು ಸಾಲಾಗಿ ನಿಂತಿವೆ. ನೆಲದ ಮೇಲೆ ಒಣಗಿದ ಎಲೆಗಳ ದಪ್ಪ ಹಾಸು. ಕಾಲಿಟ್ಟರೆ ಚರಚರ ಸದ್ದು, ಬೇರೆ ಸದ್ದಿಲ್ಲ. ಪುಟ್ಟಿ ಆ ತೋಪಿನ ಈ ತುದಿಯಿಂದ ಆ ತುದಿಯವರೆಗೆ ನಡೆದು, ಪುಸ್ತಕದಲ್ಲಿ ದೊಡ್ಡ ಸೊನ್ನೆ ಬರೆದಳು. "ಸೊನ್ನೆಯನ್ನೂ ಬರೆಯಬೇಕಾ?" ಎಂದು ಅಪ್ಪಿ ಕೇಳಿದ. "ನೋಡಿದ್ದನ್ನೆಲ್ಲ ಬರೆಯಬೇಕು" ಎಂದಳು ಅಕ್ಕ.

ತೋಪು ಮುಗಿದು ಜಂಬಿಟ್ಟಿಗೆ ಕಲ್ಲಿನ ದರೆ ಬಂತು. ಅಲ್ಲಿ, ಕಲ್ಲಿನ ಸಂದಿಯಲ್ಲಿ, ಮೊದಲ ಹೂ. ಕೆಂಪು ಗೊಂಚಲು. ಕರಾವಳಿಯವರು ಇದನ್ನು ಕೇಪಳ ಎನ್ನುತ್ತಾರೆ, ಗುಡ್ಡೆದಾಸವಾಳ ಎಂಬ ಹೆಸರೂ ಇದೆ. ಕಡ್ಡಿಯಂಥ ಉದ್ದ ಕೊಳವೆ, ಅದರ ತುದಿಗೆ ನಾಲ್ಕು ಎಸಳು. ಬಿದ್ದಿದ್ದ ಒಂದು ಹೂವಿನ ನಡುವಿನ ಎಳೆಯನ್ನು ಹಿಂದಿನಿಂದ ಎಳೆದು ತೋರಿಸಿದೆ. ತುದಿಯಲ್ಲಿ ಒಂದು ಹನಿ ಜೇನು. ನಾಲಿಗೆಗೆ ತಗಲಿದರೆ ತಗಲಿತು, ಇಲ್ಲದಿದ್ದರೆ ಇಲ್ಲ, ಅಷ್ಟು ಸಣ್ಣದು. ಚಿಟ್ಟೆಗೆ ಅದಕ್ಕಾಗಿಯೇ ಅಷ್ಟುದ್ದದ ನಾಲಿಗೆ. ಲೆಕ್ಕ: ಒಂದು.

ಅಲ್ಲಿಂದ ಮುಂದೆ ಕಣ್ಣು ಪಳಗಿತು. ಹೂ ಹುಡುಕುವುದರಲ್ಲಿ ಇದೊಂದು ವಿಚಿತ್ರ. ಮೊದಲನೆಯದು ಸಿಗುವವರೆಗೆ ಎಲ್ಲ ಹಸಿರು ಒಂದೇ ಥರ, ಸಿಕ್ಕಿದ ಮೇಲೆ ಪ್ರತಿಯೊಂದು ಎಲೆಯೂ ಬೇರೆ ಬೇರೆ. ಕೆರೆ ಏರಿಯ ಮೇಲಿಂದ ಕಕ್ಕೆ ಮರ ಕಾಣಿಸಿತು. ಎಲೆ ಕಡಿಮೆ, ಮೈತುಂಬ ಹಳದಿ ಗೊಂಚಲುಗಳು ಜೋತುಬಿದ್ದಿದ್ದವು. ಕೇರಳದಲ್ಲಿ ವಿಷು ಹಬ್ಬದ ದಿನ ಬೆಳಿಗ್ಗೆ ಎದ್ದು ಮೊದಲು ನೋಡುವ ವಸ್ತುಗಳಲ್ಲಿ ಈ ಹೂ ಇರಲೇಬೇಕು. ಅದು ಆ ರಾಜ್ಯದ ಹೂವೂ ಹೌದು. ಹೋದ ವರ್ಷದ ಕಾಯಿ ಇನ್ನೂ ಮರದಲ್ಲೇ ಇತ್ತು. ಒಂದೂವರೆ ಅಡಿಯ ಕರಿ ಕೋಲು. ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದು. ಒಳಗಿನ ಅಂಟು ತಿರುಳನ್ನು ಕರಡಿ, ನರಿ, ಮಂಗ ತಿಂದು ಬೀಜ ಹರಡುತ್ತವೆ. ಮನುಷ್ಯರು ತಿಂದರೆ ಹೊಟ್ಟೆ ಸಡಿಲವಾಗುತ್ತದೆ ಎಂದಿದ್ದೇ ತಡ, ಅಪ್ಪಿ ಕೈಲಿದ್ದ ಕಾಯಿಯನ್ನು ದೂರ ಎಸೆದ. ಲೆಕ್ಕ: ಎರಡು.

ಕಾನಿನ ಅಂಚಿನಲ್ಲಿ ಒಂದು ದೇವರಬನ ಇದೆ. ಅಲ್ಲಿ ಯಾರೂ ಕತ್ತಿ ಹಾಕುವುದಿಲ್ಲ. ಆ ಒಂದು ಕಟ್ಟಳೆಯಿಂದ ಅಲ್ಲಿ ಉಳಿದಿರುವುದು ಸುತ್ತಲಿನ ನೂರು ಎಕರೆಯಲ್ಲಿ ಉಳಿದಿಲ್ಲ. ಅದರ ಬಾಗಿಲಲ್ಲೇ ಬಕುಳದ ಮರ. ನಾವು ರೆಂಜೆ ಎಂದೂ ಹೇಳುತ್ತೇವೆ. ಮರದ ಮೇಲೆ ನೋಡಿದರೆ ಹೂ ಕಾಣುವುದಿಲ್ಲ, ನೆಲ ನೋಡಬೇಕು. ನಸುಕಿನಲ್ಲಿ ಉದುರಿದ ಸಣ್ಣ ನಕ್ಷತ್ರಗಳು. ನಡುವೆ ತೂತು ಇರುವುದರಿಂದ ಸೂಜಿಯೂ ಬೇಡ, ಬಾಳೆನಾರು ತೂರಿಸಿದರೆ ಮಾಲೆ. ಒಣಗಿದರೂ ಪರಿಮಳ ಹೋಗದು. ಬಿದ್ದ ಹೂ ಎತ್ತಬಹುದೆಂಬ ನಿಯಮ ಇಲ್ಲಿ ಚೆನ್ನಾಗಿ ಉಪಯೋಗಕ್ಕೆ ಬಂತು. ಪುಟ್ಟಿಯ ಎರಡೂ ಜೇಬು ತುಂಬಿದವು. ಮೂರು.

ಮುಂದಿನ ಎರಡು ದಿನಗಳಲ್ಲಿ ಇನ್ನೂ ಮೂರು ಸಿಕ್ಕವು. ಹಳ್ಳದ ದಂಡೆಯಲ್ಲಿ ಹೊಳೆದಾಸವಾಳ. ನೇರಳೆ ಬಣ್ಣದ ಎಸಳುಗಳು ಇಸ್ತ್ರಿ ಹಾಕದ ರೇಷ್ಮೆಯಂತೆ ಸುಕ್ಕುಸುಕ್ಕು. ಮಹಾರಾಷ್ಟ್ರದವರು ಇದನ್ನು ತಮ್ಮ ರಾಜ್ಯದ ಹೂವಾಗಿ ಆರಿಸಿಕೊಂಡಿದ್ದಾರೆ. ಹೆಸರಿನಲ್ಲಿ ದಾಸವಾಳವಿದ್ದರೂ ದಾಸವಾಳಕ್ಕೂ ಇದಕ್ಕೂ ಸಂಬಂಧವಿಲ್ಲ, ಗುಡ್ಡೆದಾಸವಾಳದ ಹಾಗೆಯೇ. ಅದರ ಪಕ್ಕದ ಪೊದೆಯ ಮೇಲೆ ಕಾಡುಮಲ್ಲಿಗೆ ಹಬ್ಬಿತ್ತು. ಕಣ್ಣಿಗಿಂತ ಮೊದಲು ಮೂಗು ಕಂಡುಹಿಡಿಯಿತು. ಇನ್ನೊಂದು ನಮ್ಮದೇ ಮಾವಿನ ಮರದಲ್ಲಿ: ಬದನಿಕೆ. ಅದರ ಕಿತ್ತಳೆ ಬಣ್ಣದ ಕೊಳವೆ ಹೂಗಳಿಗೆ ಸೂರಕ್ಕಿ ಬಂದು ನೇತಾಡುತ್ತಿತ್ತು. ಬದನಿಕೆಯ ಹಣ್ಣಿನ ಬೀಜ ಗೋಂದಿನಂತೆ ಅಂಟು. ಹಣ್ಣು ತಿಂದ ಪುಟ್ಟ ಹಕ್ಕಿ ಬೀಜವನ್ನು ಕೊಂಬೆಗೆ ಒರೆಸಿ ಹೋಗುತ್ತದೆ, ಅಲ್ಲೇ ಅದು ಬೇರೂರುತ್ತದೆ. ಎಲೆ ಹಸಿರಾಗಿರುವುದರಿಂದ ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ, ಆದರೆ ನೀರು, ಉಪ್ಪು ಮಾವಿನ ಮರದ್ದು.

"ಇದನ್ನು ಲೆಕ್ಕಕ್ಕೆ ಸೇರಿಸಬಾರದು, ಕಳ್ಳ ಗಿಡ" ಎಂದ ಅಪ್ಪಿ.

"ಕಳ್ಳನಾದರೂ ನಮ್ಮ ಊರಿನ ಕಳ್ಳ ಅಲ್ಲವೇನೋ" ಎಂದಳು ಪುಟ್ಟಿ. ಹಾಗೆ ಆರಾಯಿತು.

ಆರರಲ್ಲೇ ನಾಲ್ಕು ದಿನ ನಿಂತೆವು. ತಡವಾಗಿ ಹೊರಟ ಕಾರಣ ಕೆಲವು ಕೈತಪ್ಪಿದ್ದವು. ಮುತ್ತುಗದ ಕೆಂಪು ಇಷ್ಟರೊಳಗೇ ಮುಗಿದುಹೋಗುತ್ತದೆ, ಈಗ ಊಟದ ಎಲೆಗೆ ಒದಗುವ ಅಗಲ ಸೊಪ್ಪು ಮಾತ್ರ. ಕೌಳಿಯ ಬಿಳಿ ಹೂ ಹೋಗಿ ಹಣ್ಣು ಬಂದಿತ್ತು. ಅದಕ್ಕೆ ಮಕ್ಕಳು ಬೇಸರಪಡಲಿಲ್ಲ, ಬಾಯಿ ಕಪ್ಪಾಗುವವರೆಗೆ ತಿಂದರು. ಆಮೇಲೆ ಒಂದು ಸಂಜೆ ಗುಡುಗಿ ಒಳ್ಳೆಯ ಮಳೆ ಬಂತು. ನಾನು ಪುಟ್ಟಿಗೆ, "ಇನ್ನು ಮರ ನೋಡಬೇಡ, ನೆಲ ನೋಡು" ಎಂದೆ.

ಮೂರನೆಯ ದಿನಕ್ಕೆ ತೋಟದಂಚಿನ ಮಣ್ಣು ಸೀಳಿಕೊಂಡು ಕಾಡು ಅರಿಶಿನ ಬಂದಿತ್ತು. ಎಲೆಗಿಂತ ಮೊದಲೇ ಹೂಗೊನೆ. ಮೇಲ್ತುದಿಯ ಗುಲಾಬಿ ಬಣ್ಣವನ್ನೇ ಪುಟ್ಟಿ ಹೂವೆಂದು ಬರೆಯತೊಡಗಿದಳು. ಅವು ಬಣ್ಣದ ಎಲೆಗಳು, ಅಂಗಡಿಯ ಮುಂದಿನ ಬೋರ್ಡಿನಂತೆ, ಜೇನ್ನೊಣವನ್ನು ಕರೆಯಲಿಕ್ಕೆ. ನಿಜವಾದ ಹೂ ಕೆಳಗಿನ ಹಸಿರು ಜೋಳಿಗೆಗಳಲ್ಲಿ ಅಡಗಿ ಕುಳಿತಿರುವ ಹಳದಿ. ಏಳು.

ಎಂಟನೆಯದನ್ನು ಅಪ್ಪಿ ಹುಡುಕಿದ. "ಅಜ್ಜೀ, ಇಲ್ಲಿ ಏನೋ ಸತ್ತಿದೆ!" ಎಂದು ಮೂಗು ಮುಚ್ಚಿಕೊಂಡು ಕೂಗಿದ. ಇಲಿ ಸತ್ತಿರಬಹುದೆಂದು ಹೋಗಿ ನೋಡಿದರೆ ಕಾಡು ಸುವರ್ಣಗಡ್ಡೆ ಹೂಬಿಟ್ಟಿದೆ. ನೆಲದಿಂದ ನೇರ ಎದ್ದ ಕಂದುಕೆಂಪಿನ ದೊಡ್ಡ ಬಟ್ಟಲು, ನಡುವೆ ಉಬ್ಬಿದ ಗುಡ್ಡೆ. ಹೊಟ್ಟೆಯೊಳಗೆಲ್ಲ ಜೀರುಂಡೆ, ನೊಣ. ಕೊಳೆತ ಮಾಂಸವೆಂದು ಮೋಸಹೋಗಿ ಬಂದವು ಅವು. ಬಂದು ಹೋಗುವಾಗ ಪರಾಗ ಮೈಗೆ ಅಂಟುತ್ತದೆ. ಎಲ್ಲ ಹೂಗಳೂ ಮಲ್ಲಿಗೆಯಂತೆಯೇ ನಾರಬೇಕೆಂದು ಯಾರು ಹೇಳಿದರು? ಅಪ್ಪಿಗೆ ಆ ಹೂ ಎಷ್ಟು ಹಿಡಿಸಿತೆಂದರೆ, ಅಕ್ಕನ ಬ್ಯಾಗಿನಲ್ಲಿಟ್ಟು ಶಾಲೆಗೆ ಕಳಿಸುವ ಯೋಜನೆಯನ್ನೂ ಹಾಕಿದ. ಕೀಳಬಾರದೆಂಬ ನಿಯಮ ಪುಟ್ಟಿಯನ್ನು ಕಾಪಾಡಿತು.

ಒಂಬತ್ತನೆಯದು ಕಷ್ಟ ಕೊಟ್ಟಿತು. ಬಿದ್ದುಹೋದ ಒಂದು ಹಳೆಯ ಮನೆಯ ಪಂಚಾಂಗದ ಹತ್ತಿರ, ಎಲೆಯೇ ಇಲ್ಲದೆ ಬರೀ ನೆಲದಿಂದ ಹೂವೆದ್ದಿತ್ತು. ಬಿಳಿ ಎಸಳು, ನಡುವೆ ನೇರಳೆ ಬಣ್ಣ, ತುಂಬಾ ಪರಿಮಳ. ನನಗೆ ಹೆಸರು ಗೊತ್ತಿರಲಿಲ್ಲ. ಮೊಬೈಲ್ ಒಂದು ಉದ್ದದ ಲ್ಯಾಟಿನ್ ಹೆಸರು ಹೇಳಿತು. "ಇದಕ್ಕೆ ನಮ್ಮ ಹೆಸರೇ ಇಲ್ಲವಾ?" ಎಂದು ಪುಟ್ಟಿ ಕೇಳಿದಾಗ ನನಗೆ ಕೆಳಗಿನ ಮನೆಯ ದೊಡ್ಡಮ್ಮನ ನೆನಪಾಯಿತು. ಅವರಿಗೆ ಎಂಬತ್ತೆಂಟು ವರ್ಷ. ಈಗ ಎರಡು ವರ್ಷದಿಂದ ಕಣ್ಣು ಕಾಣುವುದಿಲ್ಲ, ಬೆಳಕು ಕತ್ತಲೆ ತಿಳಿಯುತ್ತದೆ ಅಷ್ಟೇ.

ಹಿಂದಿನ ದಿನ ಅರಳಿ ಬಾಡಿ ಮಲಗಿದ್ದ ಒಂದು ಹೂವನ್ನು ಎಲೆಯಲ್ಲಿಟ್ಟು ಒಯ್ದೆವು. ದೊಡ್ಡಮ್ಮ ಜಗುಲಿಯಲ್ಲಿ ಕುಳಿತಿದ್ದರು. ಪುಟ್ಟಿ ಅವರ ಅಂಗೈಯಲ್ಲಿ ಹೂವಿಟ್ಟಳು. ಬೆರಳಿನಿಂದ ಎಸಳನ್ನು ಬಿಡಿಸಿ ನೋಡಿ, ಮೂಗಿನ ಹತ್ತಿರ ಹಿಡಿದು, ಅರೆಕ್ಷಣವೂ ಯೋಚಿಸದೆ, "ನೆಲಸಂಪಿಗೆ" ಎಂದರು. "ಎಲ್ಲಿ ಸಿಕ್ಕಿತೇ ಕೂಸೆ? ಆ ಬಿದ್ದ ಮನೆಯ ಹಿಂದಾ? ಅಲ್ಲಿ ನಮ್ಮ ಅತ್ತೆಯ ಅಕ್ಕ ಇದ್ದರು. ಅವರು ನೆಟ್ಟದ್ದು. ಮನೆ ಬಿತ್ತು, ಹೂ ಬೀಳಲಿಲ್ಲ ನೋಡು."

ಮಕ್ಕಳಿಗೆ ಆಟ ಸಿಕ್ಕಿತು. ಜೇಬಿನಲ್ಲಿದ್ದ ಬಕುಳ, ಬಿದ್ದ ಹೊಳೆದಾಸವಾಳದ ಎಸಳು, ಕೇಪಳ, ಒಂದೊಂದಾಗಿ ಅವರ ಕೈಗಿಟ್ಟರು. ದೊಡ್ಡಮ್ಮ ಒಂದರಲ್ಲೂ ತಡವರಿಸಲಿಲ್ಲ. ಪ್ರತಿ ಹೆಸರಿನ ಜೊತೆ ಅದು ಯಾವ ಮಳೆಗೆ ಬರುತ್ತದೆ, ಎಲ್ಲಿ ಬೆಳೆಯುತ್ತದೆ, ಅದರ ಚಿಗುರಿನಿಂದ ತಂಬುಳಿ ಮಾಡಬಹುದೇ ಎಲ್ಲ ಬಂತು. ಕೇಪಳದ ಚಿಗುರಿನ ತಂಬುಳಿಯನ್ನು ಹೇಗೆ ಮಾಡಬೇಕೆಂದು ಪುಟ್ಟಿಗೆ ಬರೆಸಿದರು. ಆಮೇಲೆ ಒಳಗಿನಿಂದ ಮರದ ಪೆಟ್ಟಿಗೆ ತರಿಸಿ, ಸೀರೆಗಳ ನಡುವಿನಿಂದ ಒಣಗಿ ಕಂದಾದ ಒಂದು ಮಾಲೆ ತೆಗೆದು ಅವಳ ಕೈಗೆ ಕೊಟ್ಟರು. ಸುರಗಿ. ಈ ವರ್ಷದ್ದಲ್ಲ. "ಮರ ಎಲ್ಲಿದೆ ದೊಡ್ಡಜ್ಜಿ?" ಎಂದು ಅವಳು ಕೇಳಿದಳು. "ಇತ್ತು" ಎಂದರು ದೊಡ್ಡಮ್ಮ. ಅಷ್ಟೇ.

ಆ 'ಇತ್ತು' ಎಂಬ ಮಾತು ದಾರಿಯುದ್ದಕ್ಕೂ ನಮ್ಮ ಜೊತೆ ಬಂತು. ಮೊಬೈಲ್ ಕೊಡುವ ಲ್ಯಾಟಿನ್ ಹೆಸರು ದೊಡ್ಡದೇ. ಅಸ್ಸಾಮಿನಲ್ಲೂ ಜಪಾನಿನಲ್ಲೂ ಅದೇ ಹೆಸರಿನಿಂದ ಅದೇ ಗಿಡವನ್ನು ಗುರುತಿಸಬಹುದು. ಆದರೆ ಅದನ್ನು ಯಾರು ನೆಟ್ಟರು, ಯಾವ ಮಳೆಗೆ ಏಳುತ್ತದೆ ಎಂಬುದು ದೊಡ್ಡಮ್ಮನ ಹತ್ತಿರ ಮಾತ್ರ ಇದೆ. ಎಂಬತ್ತೆಂಟರ ಅವರ ನಂತರ ಅದು ಎಲ್ಲಿರುತ್ತದೆ? ಪುಟ್ಟಿ ಅಂದಿನಿಂದ ದಿನಾ ಸಂಜೆ ಪುಸ್ತಕ ಹಿಡಿದು ಕೆಳಗಿನ ಮನೆಗೆ ಹೋಗತೊಡಗಿದಳು. ನಾನು ಹೇಳಿ ಕಳಿಸಿದ್ದಲ್ಲ.

ನೆಲಸಂಪಿಗೆಯ ಬಗ್ಗೆ ದೊಡ್ಡ ಜಗಳವಾಯಿತು. ಯಾರೋ ನೆಟ್ಟದ್ದೆಂದು ದೊಡ್ಡಮ್ಮನೇ ಹೇಳಿದ್ದರಿಂದ ಅದು ಲೆಕ್ಕಕ್ಕಿಲ್ಲ ಎಂದು ಅಪ್ಪಿ. ನೆಟ್ಟವರು ಹೋಗಿ ಎಷ್ಟೋ ವರ್ಷವಾಯಿತು, ಈಗ ತಾನಾಗಿಯೇ ಬರುತ್ತಿದೆ ಎಂದು ಪುಟ್ಟಿ. ಕೊನೆಗೆ ಅರ್ಧ ಅಂಕ ಎಂದು ರಾಜಿಯಾಯಿತು. ಲೆಕ್ಕ: ಎಂಟೂವರೆ.

ಸೀತಾಳೆ ದಂಡೆಯನ್ನು ನಾನು ಕೊನೆಗೆಂದು ಇಟ್ಟುಕೊಂಡಿದ್ದೆ. ಹಳ್ಳಕ್ಕೆ ಇಳಿಯುವ ದಾರಿಯಲ್ಲಿ ಒಂದು ಮುದಿ ಹಲಸಿನ ಮರ. ಅದರ ಕೊಂಬೆಗಳಲ್ಲಿ ವರ್ಷವಿಡೀ ಪಟ್ಟಿಯಂಥ ದಪ್ಪ ಎಲೆಗಳು ಸುಮ್ಮನೆ ಕುಳಿತಿರುತ್ತವೆ, ಯಾರೂ ತಲೆ ಎತ್ತಿ ನೋಡುವುದಿಲ್ಲ. ಮೇ ಮಧ್ಯಕ್ಕೆ ಅವುಗಳ ನಡುವಿನಿಂದ ನರಿಯ ಬಾಲದಂತೆ ಹೂಮಾಲೆ ಇಳಿಯುತ್ತದೆ. ಬಿಳಿಯ ಮೇಲೆ ಗುಲಾಬಿ ನೇರಳೆಯ ಚುಕ್ಕಿ. ಒಂದೊಂದು ಮಾಲೆಯಲ್ಲಿ ಹತ್ತಾರು ಹೂ, ಕೆಲವದರಲ್ಲಿ ನೂರರ ಹತ್ತಿರ. ವನವಾಸದಲ್ಲಿ ಸೀತೆ ಮುಡಿದ ದಂಡೆ ಎಂದು ನಮ್ಮ ಹಿರಿಯರ ಮಾತು. ದೂರದ ಅಸ್ಸಾಮಿನಲ್ಲಿ ಬಿಹು ಹಬ್ಬಕ್ಕೆ ಕುಣಿಯುವ ಹುಡುಗಿಯರು ಇದನ್ನೇ ಮುಡಿಯುತ್ತಾರೆ, ಅದು ಅಲ್ಲಿಯ ರಾಜ್ಯದ ಹೂ.

ಇದೂ ಮರದ ಮೇಲೆಯೇ ಇರುತ್ತದೆ, ಆದರೆ ಬದನಿಕೆಯಂತಲ್ಲ. ಮರದಿಂದ ಏನನ್ನೂ ಹೀರುವುದಿಲ್ಲ, ಕೂರಲು ಜಾಗ ಮಾತ್ರ ಕೇಳುತ್ತದೆ. ಬೇರಿನ ಮೇಲೆ ಸ್ಪಂಜಿನಂಥ ಬಿಳಿ ಹೊದಿಕೆ ಇದೆ. ಮಳೆ, ಮಂಜಿನ ನೀರನ್ನು ಅದೇ ಹಿಡಿದಿಟ್ಟುಕೊಳ್ಳುತ್ತದೆ. ಬೀಜ ಧೂಳಿನಷ್ಟು ಸಣ್ಣ. ಒಳಗೆ ಊಟದ ಬುತ್ತಿ ಇಲ್ಲ. ಸರಿಯಾದ ಕೊಂಬೆಗೆ ಬಿದ್ದು, ಅಲ್ಲಿ ಒಂದು ಬಗೆಯ ಶಿಲೀಂಧ್ರ ಜೊತೆಯಾದರೆ ಮಾತ್ರ ಮೊಳೆಯುತ್ತದೆ. ಮೊಳೆತು ಹೂಬಿಡಲು ವರ್ಷಗಳೇ ಬೇಕು. ಹಾಗಾಗಿ ಇದನ್ನು ಕಿತ್ತೊಯ್ದು ಮಾರುವವರು ಒಂದು ಗಿಡವನ್ನಲ್ಲ, ಅಷ್ಟು ವರ್ಷಗಳನ್ನು ಕಿತ್ತೊಯ್ಯುತ್ತಾರೆ.

ನಾವು ಹೋಗಬೇಕೆಂದಿದ್ದ ದಿನದ ಹಿಂದಿನ ಸಂಜೆ ಜೋರು ಗಾಳಿ ಎದ್ದಿತು. ಹಂಚು ಹಾರಿದವು, ಎರಡು ಅಡಿಕೆ ಮರ ಮುರಿದವು, ಕರೆಂಟು ಹೋಯಿತು. ಬೆಳಿಗ್ಗೆ ಹಳ್ಳದ ದಾರಿಗೆ ಹೋದರೆ ಹಲಸಿನ ದೊಡ್ಡ ಕೊಂಬೆಯೊಂದು ಅಡ್ಡ ಬಿದ್ದಿತ್ತು. ಅದರ ಮೇಲೆ ನಾಲ್ಕು ಸೀತಾಳೆ ಗಿಡ. ಎರಡು ಜಜ್ಜಿಹೋಗಿದ್ದವು. ಒಂದರಲ್ಲಿ ಅರ್ಧ ಅರಳಿದ ಮಾಲೆ ಕೆಸರಿಗೆ ಒತ್ತಿಕೊಂಡಿತ್ತು. ಪುಟ್ಟಿ ಅದನ್ನು ನೋಡಿ ಅತ್ತೇಬಿಟ್ಟಳು. ಅಪ್ಪಿ ಮೇಲೆ ನೋಡಿ, "ಇನ್ನೂ ಮೂರು ಮೇಲಿವೆ, ಹೂವೂ ಇದೆ" ಎಂದು ಸಮಾಧಾನ ಮಾಡಿದ. ಆಮೇಲೆ, "ಇವು ಸಾಯುತ್ತವಾ?" ಎಂದು ಮೆಲ್ಲಗೆ ಕೇಳಿದ.

ನೆಲದಲ್ಲೇ ಬಿಟ್ಟರೆ ಮಳೆಗಾಲದ ನೀರು ನಿಂತು ಕೊಳೆಯುತ್ತವೆ. ಕೊಂಬೆಯನ್ನು ಆ ದಿನವೇ ಸೌದೆಗೆ ಕಡಿಯುವವರಿದ್ದರು. ಅವರಿಗೆ ಹೇಳಿ, ಗಟ್ಟಿಯಾಗಿದ್ದ ಎರಡು ಗಿಡಗಳನ್ನು ಅವು ಹಿಡಿದಿದ್ದ ತೊಗಟೆಯ ಸಮೇತ ಬಿಡಿಸಿಕೊಂಡೆವು. ಮನೆಯ ಹಿಂದಿನ ಮಾವಿನ ಮರದಲ್ಲಿ, ನನ್ನ ತಲೆಯ ಎತ್ತರಕ್ಕೆ, ಬೆಳಗಿನ ಬ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಕವಲಿನಲ್ಲಿ ತೆಂಗಿನ ನಾರಿನ ಹಗ್ಗದಿಂದ ಕಟ್ಟಿದೆವು. ಗೊಬ್ಬರ ಬೇಡ, ಮಣ್ಣು ಬೇಡ. ಬೇರು ಮರವನ್ನು ಹಿಡಿಯುವ ಹೊತ್ತಿಗೆ ಹಗ್ಗ ತಾನೇ ಕೊಳೆತು ಬೀಳುತ್ತದೆ. ಅಪ್ಪಿ ಹಗ್ಗಕ್ಕೆ ಮೂರು ಗಂಟು ಹಾಕಿದ. ಪುಟ್ಟಿ ಮೇಲೆ ಮರದಲ್ಲಿ ಉಳಿದಿದ್ದ ಹೂವನ್ನು ನೋಡಿ ಚಿತ್ರ ಬರೆದಳು. ಅದರ ಕೆಳಗೆ ಬರೆದ ಲೆಕ್ಕ: ಒಂಬತ್ತೂವರೆ.

"ಹತ್ತು ಅಂತ ಬರೆದುಬಿಡೇ, ಯಾರಿಗೆ ಗೊತ್ತಾಗುತ್ತದೆ?" ಎಂದರು ಅವರ ಅಜ್ಜ.

"ನಮಗೆ ಗೊತ್ತಲ್ಲ ಅಜ್ಜ" ಎಂದ ಅಪ್ಪಿ. ಒಂಬತ್ತೂವರೆಯೇ ಶಾಲೆಗೆ ಹೋಯಿತು.

ಮಕ್ಕಳು ಊರಿಗೆ ಹೋದ ಮೇಲೆ ದಿನಾ ಬೆಳಿಗ್ಗೆ ಮಾವಿನ ಮರ ನೋಡುವುದು ನನ್ನ ಕೆಲಸವಾಯಿತು. ಒಂದು ಗಿಡ ಜೂನ್ ಕಳೆಯುವುದರೊಳಗೆ ಹಳದಿಯಾಗಿ ಉದುರಿತು. ಇನ್ನೊಂದು ಹಾಗೆಯೇ ಕುಳಿತಿತ್ತು, ಬದುಕಿದೆಯೋ ಇಲ್ಲವೋ ತಿಳಿಯದು. ಆಷಾಢದ ಜಡಿಮಳೆಯಲ್ಲಿ ಒಂದು ದಿನ ಅದರ ಬುಡದಿಂದ ಹೊಸ ಬೇರು ಹೊರಟಿದ್ದು ಕಂಡಿತು. ಬೆಂಡೆಕಾಯಿಯ ಬೀಜದಷ್ಟು ಹಸಿರು ತುದಿ. ದೊಡ್ಡಮ್ಮನನ್ನು ಕೈಹಿಡಿದು ಕರೆತಂದು ಮುಟ್ಟಿಸಿದೆ. "ಹಿಡಿಯುತ್ತದೆ ಬಿಡು" ಎಂದರು. ಹೂ ಬಿಡುವುದು ಬರುವ ವೈಶಾಖಕ್ಕೋ, ಅದರಾಚೆಯದಕ್ಕೋ.

ಪುಟ್ಟಿಯ ಆ ಪುಸ್ತಕದಲ್ಲಿ ಈಗ ಶಾಲೆಗೆ ಬೇಕಾದ್ದಕ್ಕಿಂತ ಹೆಚ್ಚು ಪುಟ ತುಂಬಿದೆ. ಒಂದು ಪುಟ ಸುರಗಿಗೆ, ಒಂದು ಮುತ್ತುಗಕ್ಕೆ, ಒಂದು ಕೌಳಿಗೆ ಎಂದು ಹೆಸರು ಬರೆದು ಖಾಲಿ ಬಿಟ್ಟಿದ್ದಾಳೆ. ಮಕ್ಕಳೇ, ನಿಮ್ಮ ಊರು ಬಯಲುಸೀಮೆಯಾದರೆ ನಿಮ್ಮ ಪಟ್ಟಿಯಲ್ಲಿ ಎಕ್ಕ, ತಂಗಡಿ, ತುಂಬೆ ಬಂದಾವು. ಪೇಟೆಯಾದರೂ ರಸ್ತೆಬದಿಯ ಹೊಂಗೆ, ಬೇವು ನಮ್ಮ ನಾಡಿನವೇ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಜೊತೆಗೆ ಕರೆದುಕೊಂಡು ಹೋಗಿ, ನಡೆಯಲಾಗದವರಿಗೆ ಬಿದ್ದ ಹೂ ತಂದುಕೊಡಿ. ಪುಟ್ಟಿ ಮಾಡಿದ ಒಂದು ಒಳ್ಳೆಯ ಕೆಲಸವನ್ನು ನೀವೂ ಮಾಡಬಹುದು: ಹೂವಿನ ಹೆಸರಿನ ಪಕ್ಕದಲ್ಲಿ, ಆ ಹೆಸರನ್ನು ಹೇಳಿಕೊಟ್ಟವರು ಯಾರೆಂದೂ ಬರೆದಿಡಿ.